ಕಣ್ಣ ಕೆಳಗಿನ ಎಲುಬು

ಜೂನ್ ೯

ಪುಟ್ಟಿ,

ಅಕ್ಷರ ನೋಡಿ ಗಾಬರಿ ಬೀಳಬೇಡ. ಒಂದು ಕಣ್ಣಿಗೆ ಹತ್ತಿ ಅಂಟಿಸಿದ್ದಾರೆ, ಇನ್ನೊಂದು ಊದಿಕೊಂಡು ಅರ್ಧವೇ ತೆರೆದಿದೆ. ಆ ಅರ್ಧದಲ್ಲೇ ಬರೆಯುತ್ತಿದ್ದೇನೆ. ಪಕ್ಕದ ಮನೆಯಾಕೆ ಫೋನಿನಲ್ಲಿ ನಿನಗೆ "ಸಣ್ಣ ಪೆಟ್ಟು" ಅಂದಳಂತೆ. ಆಕೆಗೆ ತನ್ನದು ಬಿಟ್ಟು ಉಳಿದವರದೆಲ್ಲ ಸಣ್ಣದೇ.

ಆದದ್ದು ಇಷ್ಟು. ಬೈಂಡ್ ಮಾಡಿದ ಪುಸ್ತಕಗಳನ್ನು ಒತ್ತುವ ನಮ್ಮ ದೊಡ್ಡ ಪ್ರೆಸ್ಸಿದೆಯಲ್ಲ, ಮೇಲೆ ಉದ್ದನೆಯ ಕಬ್ಬಿಣದ ಹಿಡಿ ಇರುವುದು, ಅದನ್ನು ಪೂರ್ತಿ ಬಿಗಿದು ಕೊಂಡಿ ಹಾಕಿದ್ದೆ. ಕೊಂಡಿ ಸರಿಯಾಗಿ ಕೂತಿರಲಿಲ್ಲ. ಕೆಳಗೆ ಬಿದ್ದ ಕತ್ತರಿ ತೆಗೆದುಕೊಂಡು ತಲೆ ಎತ್ತಿದ್ದೇ ತಡ, ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಮುಖದ ಮೇಲೆ ಅಡ್ಡಡ್ಡ ಬಡಿಯಿತು. ಆಗ ನೋವಾಗಲಿಲ್ಲ ಕಣೇ, ಸದ್ದು ಮಾತ್ರ ಕೇಳಿಸಿತು. ನನ್ನ ತಲೆಯ ಒಳಗಿನಿಂದ, ಒಣಗಿದ ರಟ್ಟು ಮುರಿದ ಹಾಗೆ.

ಕಣ್ಣುಗುಡ್ಡೆಗೆ ನೆಲದ ಹಾಗೆ ಒಂದು ಎಲುಬು ಇರುತ್ತದಂತೆ, ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ. ಬಲಗಡೆಯದು ಪುಡಿಯಾಗಿದೆ. ಗುಡ್ಡೆಯ ಕೆಳಗಿನ ಮಾಂಸ ಕೆನ್ನೆಯ ಪೊಳ್ಳಿಗೆ ಜಾರಿಬಿಟ್ಟಿದೆ. ಎಡಗಡೆಯೂ ಬಿರುಕು ಬಿಟ್ಟಿದೆ, ಅದು ತಾನಾಗಿ ಕೂಡಿಕೊಳ್ಳುತ್ತದಂತೆ. ನಿನ್ನೆ ಹತ್ತಿ ತೆಗೆದಾಗ ಇಬ್ಬರು ಡಾಕ್ಟರುಗಳು ಒಂದೇ ಬಣ್ಣದ ಸೀರೆ ಉಟ್ಟು ಬಂದಿದ್ದಾರೆ ಅಂದುಕೊಂಡೆ. ಒಬ್ಬರೇ ಇದ್ದದ್ದು. ನನಗೆ ಈಗ ಎಲ್ಲವೂ ಎರಡೆರಡು.

ಕಣ್ಣಿನ ಕೆಳಗೆ ಒಂದು ಪ್ಲೇಟ್ ಇಡುತ್ತಾರಂತೆ. ಲೋಹದ್ದಲ್ಲ, ಮೈಯೊಳಗೆ ಕರಗುವಂಥದ್ದು. ನನ್ನದೇ ಎಲುಬು ಬೆಳೆದು ಆ ಜಾಗ ತುಂಬುವವರೆಗೆ ಅದು ಗುಡ್ಡೆಯನ್ನು ಹೊತ್ತುಕೊಂಡಿರುತ್ತದೆ, ಆಮೇಲೆ ಮೆಲ್ಲಗೆ ಕರಗಿ ಇಲ್ಲವಾಗುತ್ತದೆ. ಆದರೆ ಅಳತೆ ಬೇಕು. ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆಯದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಳತೆ ತೆಗೆಯುತ್ತಾರೆ. ನನ್ನದು ಎರಡೂ ಕಡೆ ಹಾಳಾಗಿದೆ. ಡಾಕ್ಟರಮ್ಮ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಅಂದೆ, "ಈ ಮುಖದ್ದು ಇನ್ನೊಂದು ಪ್ರತಿ ಇದೆ ಡಾಕ್ಟ್ರೇ, ನಮ್ಮ ಪುಟ್ಟಿ." ಅವಳಿ ಅಂದ ಕೂಡಲೇ ಅವರು ಕುರ್ಚಿಯಿಂದ ಎದ್ದೇ ನಿಂತರು.

ಅಲ್ಲೇ ಮುಖದ್ದೊಂದು ಸ್ಕ್ಯಾನ್ ಮಾಡಿಸಿ ಸಿ.ಡಿ. ಕಳಿಸು. ತಡ ಮಾಡಬೇಡ. ಜಾರಿದ ಮಾಂಸ ಅಲ್ಲೇ ಅಂಟಿಕೊಂಡರೆ ಜೀವಮಾನವಿಡೀ ಎರಡೆರಡು ಕಾಣುವುದೇ ಗತಿಯಂತೆ. ಸೂಜಿಗೆ ದಾರ ಪೋಣಿಸಲಾಗದ ಬೈಂಡರ್ ಯಾವ ಪುರುಷಾರ್ಥಕ್ಕೆ ಹೇಳು. ಫೋನಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕಾಗದವನ್ನೇ ಬರೆ.

ಹತ್ತು ನಿಮಿಷ ದೊಡ್ಡವಳಾದ
ನಿನ್ನ ಅಕ್ಕ


ಜೂನ್ ೧೬

ಅಕ್ಕ,

ನಿನ್ನ ಕಾಗದ ಓದಿದೆ. ದೇವರು ದೊಡ್ಡವನು, ಕಣ್ಣು ಉಳಿಯಿತಲ್ಲ.

ಇಲ್ಲಿಯ ಸ್ಕ್ಯಾನ್ ಯಂತ್ರ ಕೆಟ್ಟಿದೆಯಂತೆ. ಸರಿಯಾದ ಕೂಡಲೇ ಮಾಡಿಸುತ್ತೇನೆ. ನನಗೂ ಸ್ವಲ್ಪ ನೆಗಡಿ, ಮುಖವೆಲ್ಲ ಭಾರ. ಹೊರಟು ಬಂದುಬಿಡೋಣ ಅನ್ನಿಸುತ್ತದೆ, ಆದರೆ ಅಂಚೆ ಕಚೇರಿಯಲ್ಲಿ ಈಗ ರಜೆ ಕೊಡುತ್ತಿಲ್ಲ. ಕಾಗದ ವಿಂಗಡಿಸುವವರಲ್ಲಿ ಒಬ್ಬಳು ಹೆರಿಗೆಗೆ ಹೋಗಿದ್ದಾಳೆ, ಅವಳ ಪಾಲೂ ನನ್ನ ತಲೆಗೇ ಬಂದಿದೆ.

ಇನ್ನೊಂದು ಮಾತು. ಮನೆಯ ವಿಳಾಸಕ್ಕೆ ಬರೆಯಬೇಡ. ಅಂಚೆ ಕಚೇರಿಗೇ ಬರೆ, ನನ್ನ ಮೇಜಿಗೇ ಬರುತ್ತದೆ. ಮನೆಯಲ್ಲಿ ಕಾಗದ ಎಲ್ಲೆಲ್ಲೋ ಸೇರಿಹೋಗುತ್ತವೆ.

ಗುಂಡ ಚೆನ್ನಾಗಿದ್ದಾನೆ. ಓದು ಮುಗಿಯಿತು, ಕೆಲಸ ಹುಡುಕುತ್ತಿದ್ದಾನೆ. ದೊಡ್ಡಮ್ಮನಿಗೆ ಹೀಗಾಯಿತು ಅಂದಾಗ ಊಟ ಬಿಟ್ಟು ಎದ್ದ.

ನಿನ್ನ
ಪುಟ್ಟಿ


ಜೂನ್ ೨೨

ಪುಟ್ಟಿ ಮಹಾರಾಣಿಯವರಿಗೆ,

ಅಂಚೆಯವಳ ಮನೆಯಲ್ಲೇ ಕಾಗದ ಕಳೆಯುತ್ತವಂತೆ! ಇದನ್ನು ಕೇಳಿ ನಗಬೇಕೋ ಅಳಬೇಕೋ. ನಕ್ಕರೆ ಕೆನ್ನೆ ನೋಯುತ್ತದೆ, ಅತ್ತರೆ ಕಣ್ಣು.

ನಿಮ್ಮೂರಿನ ಯಂತ್ರ ಕೆಟ್ಟಿದ್ದರೆ ಪಕ್ಕದ ಊರಿನದೂ ಕೆಟ್ಟಿದೆಯೇ? ನೆಗಡಿಗೆ ಯಾರಾದರೂ ಸ್ಕ್ಯಾನ್ ನಿಲ್ಲಿಸುತ್ತಾರೆಯೇ? ಬಡಿದದ್ದು ನನ್ನ ಮುಖಕ್ಕೆ, ಬುದ್ಧಿಗಲ್ಲ. ಡಾಕ್ಟರಮ್ಮ ನನ್ನನ್ನು ಕಂಡಾಗಲೆಲ್ಲ "ತಂಗಿದು ಬಂತಾ?" ಅಂತ ಕೇಳುತ್ತಾರೆ, ನಾನು ಕಳ್ಳಿಯ ಹಾಗೆ ನೆಲ ನೋಡುತ್ತೇನೆ. ಆ ನೆಲವೂ ಎರಡು ಕಾಣುತ್ತದೆ. ನಿನ್ನೆ ಮೆಟ್ಟಿಲಿಳಿಯುವಾಗ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟು ಗೋಡೆ ಹಿಡಿದು ನಿಂತೆ. ಹೆದರಿಕೆಯಾಯಿತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ಒಬ್ಬಳೇ ಕೂತು ಅತ್ತೆ.

ನಾನು ನಿನ್ನ ಕಿಡ್ನಿ ಕೇಳುತ್ತಿಲ್ಲ. ಒಂದು ಚಿತ್ರ ಕೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ನನ್ನ ಬದಲು ನೀನು, ನಿನ್ನ ಬದಲು ನಾನು ಹಾಜರಿ ಹೇಳಿ ಮೇಷ್ಟರ ಕಣ್ಣಿಗೆ ಮಣ್ಣೆರಚಿದವರು ನಾವು. ಈಗ ಒಂದು ಸಲ ನನ್ನ ಬದಲು ನೀನು ಮಲಗಿ ಎದ್ದು ಬಾ ಅಂದರೆ ಇಷ್ಟು ಸತಾಯಿಸುವುದೇ?

ಸಾಧ್ಯವಾದರೆ ಗುಂಡನನ್ನು ಕೆಲವು ವಾರ ಕಳಿಸು. ಆಪರೇಷನ್ ಆದ ಮೇಲೆ ಜೊತೆಗೆ ಯಾರಾದರೂ ಇರಲೇಬೇಕಂತೆ.

ಕೋಪದಲ್ಲಿರುವ
ಅಕ್ಕ


ಜುಲೈ ೧

ಅಕ್ಕ,

ಸ್ಕ್ಯಾನ್ ಆಯಿತು. ಇಷ್ಟು ದಿನ ಹಿಡಿದದ್ದಕ್ಕೆ ಬೈಯಬೇಡ. ಈಗ ಮುಖ ಸರಿಯಾಗಿದೆ, ನೆಗಡಿ ಹೋಗಿದೆ, ಚಿತ್ರ ಚೆನ್ನಾಗಿ ಬಂದಿರಬೇಕು.

ಸಿ.ಡಿ.ಯನ್ನು ಗುಂಡನ ಕೈಲಿ ಕಳಿಸಿದ್ದೇನೆ. ನೀನು ಕರೆದೆ ಅಂದ ಕೂಡಲೇ ಬ್ಯಾಗು ತುಂಬಿಕೊಂಡ. ಎಷ್ಟು ದಿನ ಬೇಕಾದರೂ ಇಟ್ಟುಕೋ. ಇಲ್ಲಿ ಅವನಿಗೆ ಅಂಥ ಅವಸರದ ಕೆಲಸವೇನೂ ಇಲ್ಲ. ನಿನ್ನ ಕಣ್ಣು ಪೂರ್ತಿ ವಾಸಿಯಾಗುವವರೆಗೂ ಇರಲಿ.

ಅವನನ್ನು ಚಿಕ್ಕವನಿದ್ದಾಗಿನ ಹಾಗೆ ತುಂಬಾ ಗೇಲಿ ಮಾಡಬೇಡ. ಈಗ ದೊಡ್ಡವನಾಗಿದ್ದಾನೆ. ಅವನಿಗೆ ಹಿಡಿಸುವುದಿಲ್ಲ.

ಅವನು ಹೊರಟ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಮನೆ ಸದ್ದಿಲ್ಲದೆ ಇದೆ. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಲಗಿದ್ದೆ.

ನಿನ್ನ
ಪುಟ್ಟಿ


ಜುಲೈ ೬

ಪುಟ್ಟಿ,

ಬಂದ ನಿನ್ನ ಗುಂಡ! ಗುಂಡ ಅನ್ನುವ ಹೆಸರನ್ನು ಇನ್ನು ವಾಪಸು ತೆಗೆದುಕೊಳ್ಳಬೇಕು, ನನ್ನ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವಷ್ಟು ಉದ್ದವಾಗಿದ್ದಾನೆ. ನನ್ನ ಮುಖ ನೋಡಿದವನೇ "ಏನು ದೊಡ್ಡಮ್ಮ ಇದು" ಅಂತ ಅಲ್ಲೇ ಹೊಸ್ತಿಲ ಹತ್ತಿರ ಕೂತುಬಿಟ್ಟ, ಕಣ್ಣಲ್ಲಿ ನೀರು. ಬಂದ ದಿನವೇ ಸೋರುವ ನಲ್ಲಿ ಸರಿಮಾಡಿದ. ಪ್ರೆಸ್ಸಿನ ಕೊಂಡಿಯನ್ನು ಬಿಚ್ಚಿ ಹೊಸದು ಹಾಕಿಸಿದ. ಬೆಳಿಗ್ಗೆ ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುತ್ತಾನೆ, ಸಾವಿನ ಸುದ್ದಿಗಳನ್ನು ಬಿಟ್ಟು. ಎಂಥ ಮಗನನ್ನು ಹೆತ್ತಿದ್ದೀಯೇ! ಹೊಟ್ಟೆಕಿಚ್ಚಾಗುತ್ತದೆ. ಇವತ್ತು ಪ್ಲೇಟಿನ ಅಳತೆ ನೋಡಲು ಆಸ್ಪತ್ರೆಗೆ ಹೋಗುತ್ತಿದ್ದೇವೆ, ಬಂದು ಮುಂದುವರಿಸುತ್ತೇನೆ.

ಸಂಜೆ. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ.

ಅಲ್ಲಿ ಕಂಪ್ಯೂಟರಿನಲ್ಲಿ ಪ್ಲೇಟಿನ ಆಕಾರ ಮಾಡುವ ಒಬ್ಬ ಹುಡುಗಿ ಇದ್ದಾಳೆ, ಇಂಜಿನಿಯರ್. ಪರದೆಯ ಮೇಲೆ ನಿನ್ನ ತಲೆಬುರುಡೆ ತಿರುಗುತ್ತಿತ್ತು. ಹಲ್ಲಿನ ಸಾಲು, ಗಲ್ಲದ ಗುಳಿ, ಎಲ್ಲ ನನ್ನದೇ. ನಾನು ತಮಾಷೆಗೆ "ಚರ್ಮ ತೆಗೆದ್ರೆ ಇವಳು ನನಗಿಂತ ಚೆನ್ನಾಗಿದ್ದಾಳೆ" ಅಂದೆ. ಅವಳು ನಗಲಿಲ್ಲ. "ಮೇಡಂ, ನಿಮ್ಮ ತಂಗಿಗೂ ಯಂತ್ರ ಬಡಿದಿತ್ತಾ?" ಅಂದಳು.

"ಇಲ್ಲಮ್ಮ, ಅವಳು ಅಂಚೆ ಕಚೇರೀಲಿ ಕೂತು ಕೆಲಸ ಮಾಡೋದು."

ಅವಳು ಡಾಕ್ಟರಮ್ಮನನ್ನು ಕರೆದಳು. ಇಬ್ಬರೂ ಪರದೆಗೆ ಬಗ್ಗಿದರು. ಎಡಗೆನ್ನೆಯ ಎಲುಬಿನ ಅಂಚಿನಲ್ಲಿ ಒಂದು ಗೆರೆ ಇದೆ, ಮುರಿದು ಓರೆಯಾಗಿ ಕೂಡಿಕೊಂಡದ್ದು. ಅದು ಹಳೆಯದು. ಅದರ ಪಕ್ಕದಲ್ಲೇ ಕಣ್ಣಿನ ಕೆಳಗಿನ ಎಲುಬು ತಗ್ಗಿಹೋಗಿದೆ. ಅದು ಹೊಸದು, ತಿಂಗಳ ಹಿಂದಿನದು. ನಾನು ಬಿದ್ದಿರಬಹುದು ಅಂದೆ. "ಬಿದ್ದೋರಿಗೆ ಮೂಗು ಹೋಗುತ್ತೆ, ಹಲ್ಲು ಹೋಗುತ್ತೆ. ಅದೇ ಜಾಗಕ್ಕೆ ಎರಡೆರಡು ಸಲ ಪೆಟ್ಟಾಗಲ್ಲ" ಅಂದರು ಡಾಕ್ಟರಮ್ಮ. "ಎದುರಿಗೆ ನಿಂತೋರು ಬಲಗೈ ಎತ್ತಿದ್ರೆ ಏಟು ಎಡಗೆನ್ನೆಗೇ ಬೀಳುತ್ತೆ."

ಬಲಗಡೆ ಚೆನ್ನಾಗಿದೆಯಂತೆ. ನನಗೆ ಬೇಕಾದದ್ದೂ ಬಲಗಡೆಯದೇ, ನನ್ನ ಕೆಲಸ ಆಗುತ್ತದಂತೆ. ಬೆಂಕಿ ಬೀಳಲಿ ನನ್ನ ಕೆಲಸಕ್ಕೆ! ಪುಟ್ಟಿ, ನೆಗಡಿ ಅಂದೆ. ಮುಖ ಭಾರ ಅಂದೆ. ಕಪ್ಪಗೆ ಕಟ್ಟಿದ ರಕ್ತ ಮಾಯಲೆಂದು ಕಾಯುತ್ತಿದ್ದೆ ಅಲ್ಲವೇ ನೀನು? ಮೇಲೆ ಮಾಯ್ದರೆ ಒಳಗೂ ಮಾಯ್ದಿರುತ್ತದೆ ಅಂದುಕೊಂಡೆಯಾ?

ಯಾರು ಅವನು? ಕಚೇರಿಯವನೇ? ಮನೆಗೆ ಬಂದು ಹೋಗುವವನು ಯಾರಾದರೂ ಇದ್ದಾನೆಯೇ? ಇದ್ದರೆ ಇರಲಿ, ನಿನ್ನ ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ನಾನು ತಪ್ಪು ತಿಳಿಯುವವಳಲ್ಲ. ಯಾರು ಅಂತ ಹೇಳು ಸಾಕು. ಗುಂಡನನ್ನು ಕರೆದುಕೊಂಡು ನೆಟ್ಟಗೆ ಬರುತ್ತೇನೆ. ಅವನ ಕೈ ಮುರಿಯಲು ನಿನ್ನ ಮಗ ಒಬ್ಬನೇ ಸಾಕು. ಗುಂಡನಿಗೆ ಇನ್ನೂ ಹೇಳಿಲ್ಲ. ಹೊರಗೆ ಬೆಂಚಿನ ಮೇಲೆ ನನಗಾಗಿ ಟೀ ಹಿಡಿದು ಕೂತಿದ್ದ, ಆರದಿರಲೆಂದು ಮೇಲೆ ಕೈ ಮುಚ್ಚಿಕೊಂಡು.

ಅಕ್ಕ


ಜುಲೈ ೧೨

ಅಕ್ಕ,

ನೀನು ಸುಮ್ಮಸುಮ್ಮನೆ ಏನೇನೋ ಕಲ್ಪಿಸಿಕೊಳ್ಳಬೇಡ. ಅಂಚೆ ಕಚೇರಿಯ ಹಿಂದಿನ ಕಬ್ಬಿಣದ ಬಾಗಿಲು ಗಾಳಿಗೆ ಬಂದು ಬಡಿಯುತ್ತದೆ, ಚೀಲ ಇಳಿಸುವಾಗ ಒಂದೆರಡು ಸಲ ತಾಗಿತ್ತು. ಊದಿತ್ತು, ಇಳಿಯಿತು. ಮುರಿದದ್ದು ನನಗೇ ಗೊತ್ತಿಲ್ಲ. ಡಾಕ್ಟರುಗಳಿಗೆ ಕಂಡದ್ದೆಲ್ಲ ಕಾಯಿಲೆ.

ಯಾರೂ ಇಲ್ಲ. ಯಾರೂ ಬರುವುದಿಲ್ಲ. ನನ್ನಾಣೆ.

ನಿನ್ನ ಆಪರೇಷನ್ ಚೆನ್ನಾಗಿ ಆಗಲಿ. ನನ್ನ ಎಲುಬಿನಿಂದ ನಿನಗೆ ಇಷ್ಟಾದರೂ ಉಪಯೋಗವಾಯಿತಲ್ಲ. ಮೂಗು ಸೀಟಬಾರದು ಅಂತ ಹೇಳುತ್ತಾರಂತೆ, ಸೀಟಿದರೆ ಗಾಳಿ ಕಣ್ಣೊಳಗೆ ನುಗ್ಗುತ್ತದಂತೆ. ಇಲ್ಲಿ ಒಬ್ಬರನ್ನು ಕೇಳಿ ತಿಳಿದುಕೊಂಡೆ. ಹುಷಾರಾಗಿರು.

ಗುಂಡನನ್ನು ಮಾತ್ರ ಏನೂ ಕೇಳಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಪುಟ್ಟಿ


ಜುಲೈ ೩೦

ಪುಟ್ಟಿ,

ಆಪರೇಷನ್ನಿನ ಹಿಂದಿನ ದಿನ ನಿನ್ನ ಕಾಗದ ಬಂತು. ಕಬ್ಬಿಣದ ಬಾಗಿಲಿನ ಕತೆಯನ್ನು ನಂಬಲಿಲ್ಲ. ಕೊನೆಯ ಸಾಲನ್ನು ಓದಿದೆ, ಮತ್ತೆ ಓದಿದೆ. ಗುಂಡ ಎದುರಿಗೆ ಕೂತು ನನಗಾಗಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ. "ಅಮ್ಮ ಏನಂತೆ?" ಅಂದ. "ಮೂಗು ಸೀಟಬೇಡ ಅಂತಾಳೆ" ಅಂದೆ. ಇಲ್ಲ, ಇಲ್ಲ, ನನಗೆ ತಲೆ ಕೆಟ್ಟಿದೆ ಅಂದುಕೊಂಡೇ ಆಪರೇಷನ್ ಕೋಣೆಗೆ ಹೋದೆ.

ಆಪರೇಷನ್ ಚೆನ್ನಾಗಿ ಆಗಿದೆ. ಗುಡ್ಡೆ ಮೇಲೆದ್ದಿದೆ. ನಿನ್ನ ಬಲಗಡೆಯ ಅಳತೆಯ ಪ್ಲೇಟು ನನ್ನ ಬಲಗಡೆ ಎರಕ ಹೊಯ್ದ ಹಾಗೆ ಕೂತಿತಂತೆ. ಆ ಇಂಜಿನಿಯರ್ ಹುಡುಗಿ ಬಂದು ಕೈ ಕುಲುಕಿ ಹೋದಳು. ನನಗೆ ಸಂತೋಷವಾಗಲಿಲ್ಲ. ಸಂತೋಷಪಡುವ ಜಾಗದಲ್ಲೆಲ್ಲ ನಿನ್ನ ಕೊನೆಯ ಸಾಲು ಕೂತಿತ್ತು.

ಕಣ್ಣಿಗೆ ಹನಿ ಹಾಕುವವನು ಅವನೇ. ಕೈ ತೊಳೆದುಕೊಂಡು ಬಂದು, ತಲೆಯ ಹಿಂದೆ ದಿಂಬು ಸರಿಮಾಡಿ, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು ಹಿಡಿಯುತ್ತಾನೆ. ನರ್ಸಿಗಿಂತ ಹಗುರ ಕೈ. ಆ ಬೆರಳು ಇರುವುದು ಹೊಲಿಗೆಯ ಮೇಲೆ, ಅದರ ಕೆಳಗೆ ಆ ತೆಳ್ಳನೆಯ ಪ್ಲೇಟು, ಅದರ ಕೆಳಗೆ ಏನೂ ಇಲ್ಲ. ಪ್ರತಿ ಸಲವೂ ಉಸಿರು ಬಿಗಿಹಿಡಿದು ಮಲಗುತ್ತಿದ್ದೆ. ನನ್ನ ಗುಂಡನಿಗೆ ನಾನು ಹೆದರುತ್ತಿದ್ದೇನೆಯೇ ಅಂತ ನನಗೇ ನಂಬಿಕೆಯಾಗುತ್ತಿರಲಿಲ್ಲ. ಇನ್ನು ತಡೆಯಲಾಗದೆ ನಿನ್ನೆ ಕೇಳಿಬಿಟ್ಟೆ. ನೀನು ಬೇಡ ಅಂದಿದ್ದೆ, ಗೊತ್ತು.

"ಗುಂಡ, ನಿಮ್ಮಮ್ಮನ ಕೆನ್ನೆ ಮೂಳೆ ಹೇಗೆ ಮುರೀತು?"

ಬೆರಳು ನನ್ನ ರೆಪ್ಪೆಯ ಮೇಲಿತ್ತು. ಅಲುಗಲಿಲ್ಲ. ಹನಿ ಹಾಕಿದ, ಶೀಶೆಯ ಮುಚ್ಚಳ ತಿರುಗಿಸಿದ. ಆಮೇಲೆ, ದೇವರಾಣೆ ಪುಟ್ಟಿ, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ, "ಮುರಿದಿತ್ತಾ? ಬರೀ ಊದಿತ್ತಷ್ಟೇ."

ಅವನೇ ಮುಂದುವರಿಸಿದ, "ಅಮ್ಮ ಹೇಳಿದ್ಲಾ?"

"ಅವಳು ಬಾಯಿ ಬಿಟ್ಟಿಲ್ಲ. ಸ್ಕ್ಯಾನಿನಲ್ಲಿ ಕಾಣಿಸ್ತು."

"ನೀನು ಅಲ್ಲಿರಲ್ಲ ದೊಡ್ಡಮ್ಮ, ನಿಂಗೆ ಗೊತ್ತಾಗಲ್ಲ. ಎಷ್ಟು ರೇಗಿಸ್ತಾಳೆ ಅಂದ್ರೆ... ಒಂದೇ ಒಂದು ಏಟು. ಆಮೇಲೆ ನಾನೇ ಐಸ್ ಇಟ್ಟೆ. ನಾನೇ ಅಡುಗೆ ಮಾಡ್ದೆ."

"ನಾನೂ ರೇಗಿಸ್ತೀನಲ್ಲೋ."

"ನೀನು ಬೇರೆ."

"ಮುಖ ಅದೇ ಅಲ್ವೇನೋ?"

ಆಗ ಅವನು ನನ್ನ ಮುಖವನ್ನು ಸರಿಯಾಗಿ ನೋಡಿದ. ಬಂದಾಗಿನಿಂದ ನೋಡಿಯೇ ಇರಲಿಲ್ಲವೇನೋ ಅನ್ನುವ ಹಾಗೆ ನೋಡಿದ. ಎದ್ದು ಹೋಗಿ ಬ್ಯಾಗು ತುಂಬಿಕೊಂಡ. ಕೂಗಾಡಿದ್ದರೆ, ಏನಾದರೂ ಎತ್ತಿ ಒಗೆದಿದ್ದರೆ ನನಗೆ ಅರ್ಥವಾಗುತ್ತಿತ್ತು. ಹಾಗೇನೂ ಮಾಡಲಿಲ್ಲ. "ಮುಂದಿನ ಹನಿ ಹಾಕೋಕೆ ಪಕ್ಕದ ಮನೆಯವರಿಗೆ ಹೇಳಿದೀನಿ, ಬಿಸಿನೀರು ಫ್ಲಾಸ್ಕಲ್ಲಿದೆ" ಅಂದು ಹೊರಟುಹೋದ. ಕರೆಯಬೇಕು ಅನ್ನಿಸಿತು. ಬಾಗಿಲಿಗೆ ಅಗುಳಿ ಹಾಕಬೇಕು ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿತು, ಎರಡನ್ನೂ ಮಾಡಲಿಲ್ಲ.

ಕೂಡಲೇ ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಎತ್ತಿದವಳು ಬರೀ "ಹೂಂ" ಅಂದೆ. ಹಿಂದೆ ಅವನ ಧ್ವನಿ ಕೇಳಿಸಿತು. ಅದಕ್ಕೇ ಈ ಕಾಗದವನ್ನು ಕಚೇರಿಗೆ ಹಾಕುತ್ತಿದ್ದೇನೆ. ಅಲ್ಲಿಂದಲೇ ಬಸ್ಸು ಹತ್ತಿ ಬಂದುಬಿಡು. ಬಟ್ಟೆ ಬೇಡ, ಏನೂ ಬೇಡ. ನನ್ನ ಬಟ್ಟೆ ನಿನಗೆ ಯಾವತ್ತು ಆಗಿಲ್ಲ ಹೇಳು.

ನಿನ್ನ
ಅಕ್ಕ


ಆಗಸ್ಟ್ ೫

ಅಕ್ಕ,

ನೀನು ಕೇಳಬಾರದಾಗಿತ್ತು. ಕೇಳಬೇಡ ಅಂದಿದ್ದೆ.

ಅವನು ಬಂದಿದ್ದಾನೆ, ಚೆನ್ನಾಗಿದ್ದಾನೆ. ನನ್ನ ಎದುರು ಕೂತು ಅತ್ತ. ಇನ್ನು ಯಾವತ್ತೂ ಇಲ್ಲ ಅಂದಿದ್ದಾನೆ. ನಾನು ನಂಬುತ್ತೇನೆ, ನೀನು ಬೇಕಾದರೆ ನಂಬಬೇಡ. ಅಪ್ಪ ಇಲ್ಲದೆ ಬೆಳೆದವನು, ಕೆಲಸ ಸಿಗುತ್ತಿಲ್ಲ, ಅವನ ಒಳಗೆ ಏನೇನಿದೆಯೋ. ಅವನು ಯಾರೋ ರೌಡಿಯಲ್ಲ, ನನ್ನ ಮಗ. ಒಂದು ಸ್ಕ್ಯಾನ್ ನೋಡಿ ನೀನು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದೆ.

ನಿನಗೆ ಮಕ್ಕಳಿಲ್ಲ. ನಿನಗೆ ಇದು ಗೊತ್ತಾಗುವುದಿಲ್ಲ.

ಸ್ವಲ್ಪ ದಿನ ಬರೆಯಬೇಡ.

ಪುಟ್ಟಿ


ಅಕ್ಟೋಬರ್ ೩

ಪುಟ್ಟಿ,

ನೀನು ಬೇಡವೆಂದ ಮೇಲೂ ಬರೆದ ಕಾಗದಗಳಿಗೆ ಉತ್ತರವಿಲ್ಲ. ವಾಪಸೂ ಬಂದಿಲ್ಲ. ಅಂದರೆ ನಿನ್ನ ಮೇಜಿನ ಮೇಲೆ ಬರುತ್ತಿವೆ, ನೀನು ದಿನವೂ ಕೆಲಸಕ್ಕೆ ಬರುತ್ತಿದ್ದೀಯ ಅಂತ ಲೆಕ್ಕ. ಅಷ್ಟರ ಮಟ್ಟಿಗೆ ನೆಮ್ಮದಿ. ಕಚೇರಿಗೆ ಫೋನ್ ಮಾಡಿ ಏನೋ ನೆಪ ಹೇಳಿ ನಿನ್ನ ಧ್ವನಿ ಕೇಳಿದೆ, ಮಾತಾಡಲು ಧೈರ್ಯವಾಗದೆ ಇಟ್ಟುಬಿಟ್ಟೆ. ಬಾಯಿ ಬಡುಕಿ ಅಂತ ಹೆಸರಾದ ನಾನು!

ಮಕ್ಕಳಿಲ್ಲ ಅಂದೆಯಲ್ಲ, ಚುಚ್ಚಿತು. ನಿಜವನ್ನೇ ಅಂದೆ, ಆದರೂ ಚುಚ್ಚಿತು. ಗುಂಡನಿಗೆ ಜ್ವರ ಬಂದಾಗ ಅವನ ತೊಟ್ಟಿಲ ಪಕ್ಕ ಇಬ್ಬರೂ ಕೂತಿದ್ದೆವು. ಅವನು ಯಾರನ್ನು ನೋಡಿ ಅಮ್ಮಾ ಅಂದನೋ ನಿನಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವನ ಮೇಲೆ ನನಗೆ ಈಗಲೂ ದ್ವೇಷ ಹುಟ್ಟುತ್ತಿಲ್ಲ, ಅದೇ ನನ್ನ ಸಂಕಟ. ಅವನಂತೆ ಯಾರಾದರೂ ಬೀದಿಯಲ್ಲಿ ಎತ್ತರವಾಗಿ ನಡೆದು ಹೋದರೆ ಖುಷಿಯಾಗುತ್ತದೆ, ಮರುಕ್ಷಣವೇ ಅವನ ಬಲಗೈ ನೋಡುತ್ತೇನೆ.

ನನ್ನ ಕಣ್ಣು ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸಿದೆ. ಮೇಲೆ ನೋಡಿದರೂ ಈಗ ಒಂದೇ ಸೂರು. ಪ್ಲೇಟು ಕರಗಲು ಶುರುವಾಗಿದೆ, ಎಲುಬು ಬರುತ್ತಿದೆ ಅಂದರು ಡಾಕ್ಟರಮ್ಮ. ಹೋದಾಗಲೆಲ್ಲ ನಿನ್ನನ್ನು ಕೇಳುತ್ತಾರೆ. ನಿನ್ನ ಎಡಗಣ್ಣು ಒಳಗಿಳಿದಿರಬಹುದಂತೆ, ಎರಡೆರಡು ಕಾಣುತ್ತಿರಬಹುದಂತೆ. ಕಾಣುತ್ತಿದೆಯೇ? ವಿಳಾಸ ಓದಲು ಕಷ್ಟವಾಗುತ್ತಿದೆಯೇ? ಇದಕ್ಕಾದರೂ ಉತ್ತರ ಬರೆ. ಬಾ ಅಂತ ಈ ಸಲ ಹೇಳುವುದಿಲ್ಲ. ಬದುಕಿದ್ದೇನೆ ಅಂತ ಒಂದು ಸಾಲು ಸಾಕು.

ಅಕ್ಕ


ಡಿಸೆಂಬರ್ ೧೪

ಅಕ್ಕ,

ಹೌದು, ಎರಡೆರಡು ಕಾಣುತ್ತದೆ. ತಲೆ ಒಂದು ಕಡೆ ಓರೆ ಮಾಡಿದರೆ ಒಂದಾಗುತ್ತದೆ, ಹಾಗೆಯೇ ಕೆಲಸ ಮಾಡುತ್ತೇನೆ. ಕಚೇರಿಯಲ್ಲಿ ನನ್ನನ್ನು ಕೊಕ್ಕರೆ ಅನ್ನುತ್ತಾರೆ. ನಾನೂ ನಗುತ್ತೇನೆ.

ನಿನ್ನ ಕಾಗದಗಳನ್ನೆಲ್ಲ ಓದಿದ್ದೇನೆ. ಮಕ್ಕಳಿಲ್ಲ ಅಂದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಅಳುತ್ತಲೇ ಬರೆದಿದ್ದೆ, ಆದರೂ ಬರೆದೆನಲ್ಲ.

ಮೊದಲನೆಯ ಸಲ ಹೇಗಾಯಿತು ಅಂತ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅವನ ಗೆಳೆಯರು ಬಂದಿದ್ದರು. ನಮ್ಮ ಬಾಯಿ ನಿನಗೆ ಗೊತ್ತಲ್ಲ. ಇಷ್ಟು ಎತ್ತರ ಬೆಳೆದರೂ ಇವನಿಗೆ ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ ಅಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು ಹೊಡೆದ. ನಾನು ಬಿದ್ದಲ್ಲಿಂದ ಅವನನ್ನು ನೋಡಿದೆ, ಬೇರೆ ಯಾರೋ ಮನೆಗೆ ನುಗ್ಗಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅವನೇ ಅಮ್ಮಾ ಅಂತ ಎತ್ತಿ ಕೂರಿಸಿದ. ಅವತ್ತಿನಿಂದ ನಾನು ಮನೆಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟೆ. ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ಆಮೇಲೆ ಸುಮ್ಮನಿದ್ದರೂ ಸಿಟ್ಟು ಬರತೊಡಗಿತು, ಏನು ಮುಖ ಊದಿಸಿಕೊಂಡಿದ್ದೀಯ ಅಂತ.

ನಿನ್ನ ಮನೆಯಿಂದ ಬಂದ ಮೇಲೆ ಬಹಳ ದಿನ ಏನೂ ಇರಲಿಲ್ಲ. ಮೊನ್ನೆ ಒಂದು ಕೆಲಸಕ್ಕೆ ಕರೆದು ಬೇಡವೆಂದರಂತೆ. ಬಂದವನೇ ಸಾಬೂನು ಎಲ್ಲಿ ಅಂತ ಶುರುಮಾಡಿದ. ಮುಖ ನೋಡಿಯೇ ಗೊತ್ತಾಯಿತು. ಕೈ ಎತ್ತಿದ. ಆಗ ನಾನು ಏನು ಮಾಡಿದೆ ಗೊತ್ತಾ ಅಕ್ಕ? ಬಲಗಡೆ ಬೇಡ, ಅದು ಅಕ್ಕನ ಕಣ್ಣಿನ ಅಳತೆ ಅಂತ ತಲೆಯಲ್ಲಿ ಬಂತು. ಮುಖ ತಿರುಗಿಸಿ ಎಡಗೆನ್ನೆ ಮುಂದೆ ಮಾಡಿದೆ. ಕಣ್ಣು ಮುಚ್ಚಿ ಕಾದೆ.

ಏಟು ಬೀಳಲಿಲ್ಲ. ಕಣ್ಣು ತೆರೆದರೆ ಅವನು ಕೈ ಇಳಿಸಿ ಟವೆಲ್ ತೆಗೆದುಕೊಂಡು ಹೋಗುತ್ತಿದ್ದ, ಸಾಬೂನು ಸಿಕ್ಕಿತ್ತು. ನಾನು ಹಾಗೆಯೇ ಕೆನ್ನೆ ಕೊಟ್ಟುಕೊಂಡು ನಿಂತಿದ್ದೆ. ನನ್ನ ಮಗನಿಗೆ ಯಾವ ಕಡೆ ಹೊಡೆಯಬೇಕು ಅಂತ ನಾನೇ ತೋರಿಸಿಕೊಟ್ಟಿದ್ದೆ. ಅವನು ಹೊಡೆದಾಗಲೆಲ್ಲ ಬಾರದಿದ್ದ ಹೆದರಿಕೆ ಆಗ ಬಂತು.

ಇವತ್ತು ಬೆಳಿಗ್ಗೆ ಅವನು ಹೊರಗೆ ಹೋದಾಗ ಅವನ ಬಟ್ಟೆಬರೆಯನ್ನೆಲ್ಲ ಮಡಿಸಿ ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಮೇಲೆ ಇಟ್ಟೆ. ಒಳಗಿನಿಂದ ಅಗುಳಿ ಹಾಕಿದೆ. ಕಚೇರಿಯ ಮೇಲಿನವರಿಗೆ ಎಲ್ಲ ಹೇಳಿದ್ದೇನೆ, ನಾಳೆ ಬೆಳಿಗ್ಗೆ ಅವರೇ ಬಸ್ಸು ಹತ್ತಿಸುತ್ತಾರೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬರಬಹುದು. ಆದರೂ ಬರೆಯುತ್ತಿದ್ದೇನೆ, ಎದುರಿಗೆ ಕೂತರೆ ಹೇಳಲು ಬಾಯಿ ಬರುವುದಿಲ್ಲ.

ಮಧ್ಯಾಹ್ನ ಬಂದ. ಪೆಟ್ಟಿಗೆ ನೋಡಿದ, ಬಾಗಿಲು ತಳ್ಳಿದ. ಒದೆಯುತ್ತಾನೆ ಅಂತ ನಾನು ಕಿವಿ ಮುಚ್ಚಿಕೊಂಡೆ. ಒದೆಯಲಿಲ್ಲ. "ಅಮ್ಮಾ, ಹಸಿವಾಗ್ತಿದೆ" ಅಂದ, ಶಾಲೆಯಿಂದ ಬಂದವನ ಹಾಗೆ. ಅಕ್ಕ, ನನ್ನ ಕೈ ಅಗುಳಿಯ ಮೇಲೆ ಹೋಯಿತು. ಅದನ್ನು ಹಿಂದಕ್ಕೆ ತೆಗೆಯಲು ಇನ್ನೊಂದು ಕೈ ಬೇಕಾಯಿತು. ಒಳಗೆ ಹೋಗಿ ಊಟ ಬಡಿಸಿ ಕಿಟಕಿಯ ಸರಳುಗಳ ಕೆಳಗಿನಿಂದ ತಟ್ಟೆ ತೂರಿಸಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಉಂಡ. "ಉಪ್ಪು ಕಮ್ಮಿ" ಅಂದ. ಉಪ್ಪನ್ನೂ ಕಿಟಕಿಯಿಂದಲೇ ಕೊಟ್ಟೆ.

ಉಂಡು ಎದ್ದು, ಕಿಟಕಿಗೆ ಮುಖ ತಂದು, "ಸಾಕು ಬಿಡಮ್ಮ, ಈಗ ತೆಗಿ" ಅಂದ.

"ಇಲ್ಲ" ಅಂದೆ.

ಅವನು ಹುಟ್ಟಿದಾಗಿನಿಂದ ಅವನಿಗೆ ಈ ಮಾತನ್ನು ನಾನು ಹೀಗೆ ಹೇಳಿದ್ದೇ ಇಲ್ಲ. ಅವನಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೈ ತನ್ನ ಕೆನ್ನೆಗೆ ಹೋಯಿತು. ನಾನೇ ಅವನಿಗೆ ಹೊಡೆದೆನೇನೋ ಅನ್ನುವ ಹಾಗೆ ನನ್ನನ್ನು ನೋಡಿದ.

ನಿನ್ನ
ಪುಟ್ಟಿ